ವೆಲ್ಮೊರೆಯವರ ಕಿವಿ ಮತ್ತು ಅಜ್ಜನ ಕೆಂಪು ಕಾರಿನ ಟಿಕ್ ಟಿಕ್

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಬರೆಯುತ್ತ ಹೋದಂತೆ ಸಾಲು ಕೆಳಕ್ಕೆ ಜಾರುತ್ತದೆ. ಅದಕ್ಕೆಂದೇ ಹಾಳೆಯ ಅಡಿಯಲ್ಲಿ ದಪ್ಪ ಗೆರೆ ಎಳೆದ ಇನ್ನೊಂದು ಹಾಳೆ ಇಟ್ಟುಕೊಂಡಿದ್ದೇನೆ, ಆದರೂ ಜಾರುತ್ತಿದೆ. ಮಾತೂ ನನಗೆ ಸಲೀಸಾಗಿ ಬರುವುದಿಲ್ಲ. ನನಗೆ ಹದಿನೇಳು ವರ್ಷ. ಹೋದ ವರ್ಷ ಶಾಲೆ ಬಿಟ್ಟೆ. ಓದು ಹತ್ತದೆ ಬಿಟ್ಟದ್ದಲ್ಲ. ಬೋರ್ಡಿನ ಹತ್ತಿರ ಕರೆದರೆ ಗೊತ್ತಿದ್ದದ್ದೂ ಗಂಟಲಲ್ಲೇ ನಿಂತುಬಿಡುತ್ತಿತ್ತು. ಇಲ್ಲಿ ಪದ ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯ ತಪ್ಪದಂತೆ ಮಾತ್ರ ನೋಡಿಕೊಂಡಿದ್ದೇನೆ.

ನಮ್ಮೂರು ಸಾನ್ ದೊನ್ನೀನೊದ ಗ್ರಂಥಾಲಯದವರು ಊರಿನವರ ಬಗ್ಗೆ ಊರಿನವರೇ ಬರೆದ ಪುಟಗಳನ್ನು ಸೇರಿಸಿ ಒಂದು ಪುಸ್ತಕ ಕಟ್ಟುತ್ತಾರಂತೆ. ಯಾರು ಬೇಕಾದರೂ ಬರೆಯಬಹುದು ಎಂದು ಬಾಗಿಲ ಮೇಲೆ ಅಂಟಿಸಿದ್ದಾರೆ. ನಾನು ಗ್ಯಾರೇಜಿನ ವೆಲ್ಮೊರೆಯವರ ಬಗ್ಗೆ ಬರೆಯುತ್ತಿದ್ದೇನೆ. ಈಗ ಊರಿನಲ್ಲಿ ಅವರ ಬಗ್ಗೆ ಒಂದು ಮಾತು ಓಡಾಡುತ್ತಿದೆ. ಅದು ಸುಳ್ಳು. ಅದಕ್ಕೆ ಕಾರಣ ನಾನು.

ವೆಲ್ಮೊರೆಯವರಿಗೆ ಎಪ್ಪತ್ತಮೂರು ವರ್ಷ. ಅವರ ತಂದೆ ಚೀಸ್ ತಟ್ಟುವ ಕೆಲಸದಲ್ಲಿದ್ದವರು. ಗಾಡಿಯ ಗಾಲಿಯಂತೆ ದುಂಡಗೆ ಕಟ್ಟಿದ ಚೀಸನ್ನು ನಮ್ಮ ಕಡೆ ಎರಡು ವರ್ಷ ಹಲಗೆಯ ಮೇಲೆ ಇಡುತ್ತಾರೆ. ಒಳಗೆ ಬಿರುಕಿದೆಯೋ ಇಲ್ಲವೋ ಎಂದು ಕತ್ತರಿಸಿ ನೋಡಿದರೆ ಚೀಸು ಹಾಳು. ಅದಕ್ಕೆ ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಕಿವಿಯಿಂದಲೇ ಹೇಳಬೇಕು. ವೆಲ್ಮೊರೆ ಒಂಬತ್ತು ವರ್ಷದವರಿದ್ದಾಗ ತಂದೆ ಅವರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಬೆನ್ನ ಹಿಂದೆ ಚೀಸುಗಳನ್ನು ತಟ್ಟುತ್ತ ಹೋಗುತ್ತಿದ್ದರಂತೆ. ಹುಡುಗ "ಒಳ್ಳೇದು", "ಬಿರುಕು", "ತೂತು" ಎಂದು ಹೇಳಬೇಕು. ತಪ್ಪಿದರೆ ತಂದೆ ಬೈಯುತ್ತಿರಲಿಲ್ಲ, ಅದೇ ಚೀಸನ್ನು ಮತ್ತೆ ತಟ್ಟುತ್ತಿದ್ದರು. ಹುಡುಗ ಸರಿ ಹೇಳುವವರೆಗೂ ತಟ್ಟುತ್ತಿದ್ದರು.

ಆದರೆ ವೆಲ್ಮೊರೆಯವರಿಗೆ ಚೀಸ್ ತಿಂದರೆ ಹೊಟ್ಟೆ ಕೆಡುತ್ತದೆ. ಈ ಊರಿನಲ್ಲಿ ಹುಟ್ಟಿ ಚೀಸ್ ತಿನ್ನದವರು ಅವರೊಬ್ಬರೇ. ಬಾರ್ ನಡೆಸುವ ಗ್ವೆರ್ರೀನೊ ಈಗಲೂ ಅವರ ಮುಂದೆ ಸೂಪಿನ ತಟ್ಟೆ ಇಟ್ಟು, "ಏನ್ ವೆಲ್ಮೊರೆ, ಮೇಲೆ ಚೀಸ್ ಬದಲು ಸ್ವಲ್ಪ ಗ್ರೀಸ್ ಉದುರಿಸ್ಲಾ?" ಎಂದು ಕೇಳುತ್ತಾನೆ. ಹಾಗಾಗಿ ಅವರು ಹದಿಮೂರನೇ ವಯಸ್ಸಿಗೆ ಮೋದೆನಾ ಪಟ್ಟಣದ ಒಂದು ಗ್ಯಾರೇಜು ಸೇರಿದರು. ರೇಸಿನ ಕಾರುಗಳು ಬರುವ ಜಾಗ ಅದು. ಹದಿನೆಂಟು ವರ್ಷ ಅಲ್ಲಿದ್ದು ಊರಿಗೆ ಬಂದು, ಹಳೆಯ ಚೀಸ್ ಮನೆಯ ಹಿಂಭಾಗದಲ್ಲಿ ತಮ್ಮದೇ ಗ್ಯಾರೇಜು ತೆರೆದರು. ಮದುವೆಯಾಗಲಿಲ್ಲ. ಮನೆಯಲ್ಲಿ ಗೋಡೆ ಗಡಿಯಾರ ಇಟ್ಟಿಲ್ಲ. ಅದರ ಸದ್ದಿಗೆ ಊಟ ಸೇರುವುದಿಲ್ಲವಂತೆ.

ಅವರ ಹತ್ತಿರ ಹಳೆಯ ಸ್ಪೋರ್ಟ್ಸ್ ಕಾರುಗಳು ದೂರದೂರದಿಂದ ಬರುತ್ತವೆ. ಎಲ್ಲೆಲ್ಲೋ ತೋರಿಸಿ, ಸದ್ದು ಹೋಗದೆ ಬೇಸತ್ತವರು ಕೊನೆಗೆ ಇಲ್ಲಿಗೆ ಬರುತ್ತಾರೆ. ವೆಲ್ಮೊರೆ ಕಾರನ್ನು ತಕ್ಷಣ ಮುಟ್ಟುವುದಿಲ್ಲ. ಮೊದಲು ಕಾರಿನವರು ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಡಾಕ್ಟರಾಗಲಿ, ನ್ಯಾಯಾಧೀಶರಾಗಲಿ, ಅಂಗಳದಲ್ಲಿ ನಿಂತು ಕೊರ್ ಕೊರ್ ಎನ್ನಲೇಬೇಕು. ಅದನ್ನು ಅವರು ಶಾಲೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಪುಟದಲ್ಲಿ ಮೂರು ಅಂಕಣ: ಸದ್ದು ಯಾವುದು, ಎಲ್ಲಿ ಸಿಕ್ಕಿತು, ಕಾರಣ ಏನು. ಆಮೇಲೆ ಕಾರಿನೊಳಗಿನ ಸಾಮಾನನ್ನೆಲ್ಲ ಹೊರಗೆ ಚಾದರದ ಮೇಲೆ ಹರಡಿಸುತ್ತಾರೆ. ಆಮೇಲೆ ಓಡಿಸಿ ನೋಡುತ್ತಾರೆ. ಕನ್ನಡಿ, ಸೀಟು, ಹಿಡಿ, ಗುಂಡಿ ಯಾವುದನ್ನೂ ಮಾತ್ರ ಅಲುಗಿಸುವುದಿಲ್ಲ. ಕಾರಿನವರು ಹೇಗೆ ಓಡಿಸುತ್ತಾರೋ ಹಾಗೇ ಇರಬೇಕು. "ಅವರ ಸದ್ದು ಬೇಕು ನಂಗೆ. ನಾನು ಕೂತ್ಕೊಂಡು ಎಲ್ಲಾ ಸರಿ ಮಾಡ್ಕೊಂಡ್ರೆ ನನ್ ಸದ್ದು ಬರತ್ತೆ, ಅದನ್ನ ತಗೊಂಡು ಏನ್ ಮಾಡ್ಲಿ?" ಎನ್ನುತ್ತಾರೆ.

ಒಬ್ಬ ನೋಟರಿಯ ಕಾರು ಭಾನುವಾರ ಮಾತ್ರ ನರಳುತ್ತಿತ್ತಂತೆ. ಮೂರು ಊರಿನ ಮೆಕ್ಯಾನಿಕ್‌ಗಳು ಸೋತಿದ್ದರು. ಭಾನುವಾರ ಪಕ್ಕದ ಸೀಟಿನಲ್ಲಿ ಹೆಂಡತಿ ಕೂರುತ್ತಾರೆ, ಆಗ ಅವರ ಭಾರಕ್ಕೆ ಸವೆದ ಕೊಂಡಿ ಇಳಿದು ಸೈಲೆನ್ಸರ್ ತಳಕ್ಕೆ ಉಜ್ಜುತ್ತದೆ. ವೆಲ್ಮೊರೆ ಕಂಡುಹಿಡಿದರು, ಆದರೆ ನೋಟರಿಯ ಹೆಂಡತಿ ಎದುರಿಗೇ ನಿಂತಿದ್ದರು. "ಭಾನುವಾರ ಅಲ್ವಾ ಸ್ವಾಮೀ, ಕಾರೂ ಸ್ವಲ್ಪ ಭಕ್ತಿಯಿಂದ ಬಗ್ಗತ್ತೆ" ಎಂದು ಹೇಳಿ ಕೊಂಡಿ ಬದಲಾಯಿಸಿ ಕಳಿಸಿದರು.

ಇನ್ನು ನಮ್ಮ ಕಾರಿನ ವಿಷಯ. ನಾನು ಅಜ್ಜಿ ಇಯೋಲೆಯ ಜೊತೆ ಇದ್ದೇನೆ. ಅಜ್ಜ ಅದೆಲ್ಮೊ ಹೋದ ನವೆಂಬರಿನಲ್ಲಿ ತೀರಿಕೊಂಡ. ಅವನು ಬಿಟ್ಟುಹೋದದ್ದು ಎರಡು ಸೀಟಿನ ಒಂದು ಕೆಂಪು ಕಾರು. ನನ್ನ ಅಮ್ಮ ಹುಟ್ಟುವ ಮೊದಲೇ ಕೊಂಡದ್ದು. ವೆಲ್ಮೊರೆ ಮತ್ತು ಅಜ್ಜ ಚಿಕ್ಕಂದಿನ ಗೆಳೆಯರು. ಆ ಕಾರನ್ನು ವೆಲ್ಮೊರೆ ಬಿಟ್ಟು ಬೇರೆ ಯಾರೂ ಬಿಚ್ಚಿಲ್ಲ. ಅಜ್ಜ ಪ್ರತಿ ವರ್ಷ ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಆಲಿವ್ ರೆಂಬೆಯನ್ನು ತಂದು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ ಇಡುತ್ತಿದ್ದ. ಎಲ್ಲರ ಕಾರಿನಲ್ಲೂ ಅದು ಇರುತ್ತದೆ. ಮಂತ್ರಿಸಿದ ರೆಂಬೆ, ಕಸಕ್ಕೆ ಹಾಕುವಂತಿಲ್ಲ. ಒಣಗಿದ ಮೇಲೆ ಚರ್ಚಿನ ಬಾಗಿಲಿನ ಪೆಟ್ಟಿಗೆಗೆ ಹಾಕಬೇಕು. ಅದನ್ನು ಸುಟ್ಟು ಮಾಡಿದ ಬೂದಿಯನ್ನೇ ಪಾದ್ರಿ ಮುಂದಿನ ವರ್ಷ, ಈಸ್ಟರಿನ ಉಪವಾಸ ಶುರುವಾಗುವ ಬೂದಿ ಬುಧವಾರ, ನಮ್ಮ ತಲೆಯ ಮೇಲೆ ಉದುರಿಸುತ್ತಾರೆ.

ಫೆಬ್ರವರಿಯಲ್ಲಿ ಅಜ್ಜಿ ನನಗೆ ಹೇಳಿದಳು: "ನೀವೆಸ್, ಕಾರು ಒರೆಸು. ಅಜ್ಜನ ರೆಂಬೆ ಎಲೆ ಉದುರಿಸ್ತಿದೆ, ಹುಷಾರಾಗಿ ತಗೊಂಡೋಗಿ ಚರ್ಚಿನ ಪೆಟ್ಟಿಗೇಲಿ ಹಾಕಿ ಬಾ. ಅವರ ಕೈಯಿಂದ ಬಂದ ಕೊನೇ ರೆಂಬೆ ಅದು."

ನಾನು ಕಾರು ಒರೆಸಿದೆ. ರೆಂಬೆಯನ್ನು ಕೈಯಲ್ಲಿ ಹಿಡಿದು ಚರ್ಚಿನ ತನಕವೂ ಹೋದೆ. ಮೆಟ್ಟಿಲ ಮೇಲೆ ನನ್ನ ಹಳೆಯ ಸಹಪಾಠಿಗಳ ಅಮ್ಮಂದಿರು ಮೂವರು ನಿಂತಿದ್ದರು. ಶಾಲೆ ಯಾಕೆ ಬಿಟ್ಟೆ, ಈಗ ಏನು ಮಾಡುತ್ತೀ ಎಂದು ಕೇಳುತ್ತಾರೆ. ನಾನು ತಿರುಗಿ ಬಂದೆ. ಮನೆಗೆ ತಂದರೆ ಅಜ್ಜಿಗೆ ಕಾಣುತ್ತದೆ, ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಕಾರಿನ ಮುಂದಿನ ಗಾಜಿನ ಕೆಳಗೆ, ಹೊರಗಡೆ, ಗಾಳಿ ಒಳಗೆ ಹೋಗಲು ಉದ್ದನೆಯ ಸೀಳುಗಳಿವೆ. ರೆಂಬೆಯನ್ನು ಅದರೊಳಗೆ ಇಳಿಸಿಬಿಟ್ಟೆ. ಕಾರಿನಲ್ಲೇ ಇದ್ದದ್ದು ಕಾರಿನಲ್ಲೇ ಇರಲಿ ಎಂದುಕೊಂಡೆ. ಆಗ ನನಗೆ ಅದು ಕೆಟ್ಟ ಕೆಲಸ ಅನ್ನಿಸಲಿಲ್ಲ, ಜಾಣತನ ಅನ್ನಿಸಿತ್ತು.

"ಹಾಕಿದ್ಯಾ?" ಎಂದಳು ಅಜ್ಜಿ.

"ಹಾಕಿದೆ, ನೊನ್ನಾ" ಎಂದೆ.

ಬೂದಿ ಬುಧವಾರ ಅಜ್ಜಿ ಪಾದ್ರಿಯ ಮುಂದೆ ತಲೆ ತಗ್ಗಿಸಿದಾಗ ನಾನು ಹಿಂದೆಯೇ ಇದ್ದೆ. ಮನೆಗೆ ಬಂದು ಅವಳು ಸಂಜೆಯವರೆಗೂ ತಲೆಗೆ ಬಾಚಣಿಗೆ ಹಾಕಲಿಲ್ಲ. "ಇದರಲ್ಲಿ ಅವರದೂ ಒಂದು ಚಿಟಿಕೆ ಇರತ್ತೆ, ಅಲ್ವಾ?" ಎಂದಳು. ನಾನು ಬಟಾಣಿ ಸುಲಿಯುತ್ತಿದ್ದೆ. ಹೌದು ಎಂದು ತಲೆಯಾಡಿಸಿದೆ. (ಬಟಾಣಿ ಅಲ್ಲ, ಆ ತಿಂಗಳಲ್ಲಿ ಬಟಾಣಿ ಬರುವುದಿಲ್ಲ. ಒಣ ಬೀನ್ಸ್ ಆರಿಸುತ್ತಿದ್ದೆ. ಇದನ್ನೂ ಸರಿಯಾಗಿಯೇ ಬರೆಯಬೇಕು.)

ಮೇ ತಿಂಗಳಿನಲ್ಲಿ ಕಾರಿನಲ್ಲಿ ಸದ್ದು ಶುರುವಾಯಿತು. ಅಜ್ಜಿ ಗುರುವಾರಕ್ಕೊಮ್ಮೆ ಬೆಟ್ಟದ ಕಡೆ ಅಜ್ಜನ ತಂಗಿಯ ಮನೆಗೆ ಕಾರು ಓಡಿಸಿಕೊಂಡು ಹೋಗುತ್ತಾಳೆ, ಪಕ್ಕದಲ್ಲಿ ನಾನು. ಮೇಲಿನ ಕ್ಯಾನ್ವಾಸನ್ನು ಅವಳು ಬೇಸಿಗೆಯಲ್ಲೂ ತೆಗೆಯುವುದಿಲ್ಲ, ಕಿಟಕಿಯನ್ನೂ ಇಳಿಸುವುದಿಲ್ಲ. ಕುತ್ತಿಗೆಗೆ ಗಾಳಿ ಬಡಿದರೆ ಒಂದು ವಾರ ಮಲಗಬೇಕಾಗುತ್ತದೆ ಎಂಬ ಭಯ. ಸೆಕೆ ಶುರುವಾದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗಿನ ಗಾಳಿ ಬಾಗಿಲಿನ ಹಿಡಿ ಎಳೆದು, ಕಾಲಿಗೆ ಮಾತ್ರ ಗಾಳಿ ಬಿಟ್ಟುಕೊಳ್ಳುತ್ತಾಳೆ. ವೇಗ ಐವತ್ತು ದಾಟಿದರೆ ಸಾಕು, ಟಿಕ್ ಟಿಕ್ ಟಿಕ್. ಎಪ್ಪತ್ತಾದರೆ ಟಿರ್ರ್ ಎಂದು ಒಂದೇ ಸಮನೆ. ನಿಧಾನ ಮಾಡಿದರೆ ಮಾಯ.

ವೆಲ್ಮೊರೆಯವರ ಅಂಗಳದಲ್ಲಿ ಅಜ್ಜಿ ನನ್ನನ್ನೇ ಮುಂದೆ ತಳ್ಳಿದಳು. "ನನ್ ಹಲ್ಲು ಕಟ್ಟಿಸಿದ್ದು, ನನ್ನಿಂದಾಗಲ್ಲ. ನೀನು ಮಾಡಿ ತೋರ್ಸು."

ನನ್ನ ಮುಖ ಕೆಂಪಾಯಿತು. ವೆಲ್ಮೊರೆ ಪೆನ್ಸಿಲ್ ಹಿಡಿದು ಕಾದರು. ಅವಸರ ಮಾಡಲಿಲ್ಲ. ಬೇರೆ ಕಡೆ ನೋಡುತ್ತ, "ನಾನ್ ನೋಡಲ್ಲ. ಕೇಳ್ತೀನಿ ಅಷ್ಟೆ" ಎಂದರು. ಆಗ ನಾನು ಟಿಕ್ ಟಿಕ್ ಟಿರ್ರ್ ಎಂದೆ. ಎರಡು ಸಲ ಮಾಡಿಸಿದರು. "ಇಯೋಲೆ, ನಿನ್ ಮೊಮ್ಮಗಳ ನಾಲಿಗೆ ಚೆನ್ನಾಗಿದೆ ಕಣೆ. ಯಾರೋ ಮಾತಾಡಲ್ಲ ಅಂದಿದ್ರು?" ಎಂದರು. ಶಾಲೆಯಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಸಾಮಾನನ್ನೆಲ್ಲ ಚಾದರದ ಮೇಲೆ ಹರಡಿದೆವು: ಅಜ್ಜನ ಟೋಪಿ, ನಕ್ಷೆ, ಅಜ್ಜಿಯ ಜಪಮಾಲೆ, ಜ್ಯಾಕು, ಒಂದು ಪೆಪ್ಪರ್‌ಮೆಂಟಿನ ಡಬ್ಬಿ. "ಇನ್ನೇನಾದ್ರೂ ಉಳಿದಿದ್ಯಾ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಆ ದಿನ ನಾನು ಸುಳ್ಳು ಹೇಳಲಿಲ್ಲ. ರೆಂಬೆಯ ನೆನಪು ನಿಜವಾಗಿಯೂ ಬರಲಿಲ್ಲ.

ಕಾಲುವೆಯ ಪಕ್ಕದ ನೇರ ರಸ್ತೆಯಲ್ಲಿ ಅಜ್ಜಿ ಓಡಿಸಿದಳು, ವೆಲ್ಮೊರೆ ನನ್ನ ಸೀಟಿನಲ್ಲಿ ಕೂತರು. ನಾನು ಗ್ಯಾರೇಜಿನಲ್ಲೇ ಉಳಿದೆ. ಬಂದು ಇಳಿದವರೇ ಮೊಣಕಾಲು ಮುಟ್ಟಿ ತೋರಿಸಿದರು. "ಇಲ್ಲಿಂದ ಬರ್ತಿದೆ. ಮುಂದ್ಗಡೆಯಿಂದ, ಕಾಲ್ ಹತ್ರದಿಂದ. ಎಂಜಿನ್ ಅಲ್ಲ. ಕ್ಲಚ್ ಒತ್ತಿದ್ರೂ ಇದೆ, ಎಂಜಿನ್ ನಿಲ್ಸಿ ಹಾಗೇ ಉರುಳಿಸಿದ್ರೂ ಇದೆ."

"ಅಲ್ಲಿ ಏನಿದೆಯೋ?" ಎಂದಳು ಅಜ್ಜಿ.

"ಏನೂ ಇಲ್ಲ. ಹೀಟರ್ ಫ್ಯಾನ್ ಒಂದಿದೆ, ಅದು ಸತ್ತು ಹತ್ತು ವರ್ಷ ಆಯ್ತು. ವೈರ್ ಕಿತ್ತೋಗಿದೆ, ಅದೆಲ್ಮೊನೇ ಬೇಡ ಬಿಡು ಅಂದಿದ್ದ." ಬಗ್ಗಿ ಹಿಂದಿನ ಚಕ್ರ ನೋಡಿದರು. "ಚಕ್ರದ ಜೊತೆ ಏರತ್ತೆ, ಇಳಿಯತ್ತೆ. ಹಾಗಾದ್ರೆ ತಿರುಗೋದು ಏನೋ ಇದೆ. ಕಿವಿ ಮುಂದೆ ಅನ್ನತ್ತೆ, ಬುದ್ಧಿ ಹಿಂದೆ ಅನ್ನತ್ತೆ."

ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಚಕ್ರಗಳನ್ನು ಎಪ್ಪತ್ತರ ವೇಗಕ್ಕೆ ತಿರುಗಿಸಿದರೆ ಸದ್ದೇ ಇಲ್ಲ. ಉದ್ದನೆಯ ಮರದ ಕೋಲಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಒಂದೊಂದೇ ಭಾಗಕ್ಕೆ ಇಟ್ಟು ಕೇಳಿದರು. ತಂದೆಯ ಚೀಸ್ ಸುತ್ತಿಗೆ ತೆಗೆದು ತಳವನ್ನೆಲ್ಲ ತಟ್ಟಿದರು. ಕೊನೆಗೆ ಭಾರ ಬಿದ್ದಾಗ ಮಾತ್ರ ಸದ್ದು ಬರುತ್ತದೆ, ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲ್‌ನ ಬೇರಿಂಗ್ ಇರಬೇಕು ಎಂದುಕೊಂಡರು. "ಬಿಚ್ಚಿ ನೋಡ್ತೀನಿ" ಎಂದರು. ಒಂದು ವಾರ ಹಿಡಿಯಿತು. ಒಳಗೆ ಎಲ್ಲವೂ ಹೊಸದರಂತೆ ಹೊಳೆಯುತ್ತಿತ್ತು. ಜೋಡಿಸಿ ಕೊಟ್ಟರು. ಸದ್ದು ಹಾಗೆಯೇ ಇತ್ತು.

ನನಗೆ ಗೊತ್ತಾದದ್ದು ಮೇ ತಿಂಗಳ ಕೊನೆಯ ಗುರುವಾರ. ಅಜ್ಜಿ ಓಡಿಸುತ್ತಿದ್ದಳು. ಮುಂದೆ ಒಂದು ಟ್ರ್ಯಾಕ್ಟರ್ ಹಂದಿ ಗೊಬ್ಬರದ ನೀರಿನ ಟ್ಯಾಂಕ್ ಎಳೆದುಕೊಂಡು ಹೋಗುತ್ತಿತ್ತು. ವಾಸನೆ ಕಾಲಿನ ಕಡೆಯಿಂದ ಕಾರೆಲ್ಲ ತುಂಬಿತು.

"ಮುಚ್ಚೇ ಅದನ್ನ, ಮುಚ್ಚು! ಥೂ, ಇವನ ಹಂದಿಗಳು ಏನ್ ತಿಂತಾವೋ!" ಎಂದಳು ಅಜ್ಜಿ.

ನಾನು ಗಾಳಿ ಬಾಗಿಲಿನ ಹಿಡಿಯನ್ನು ಒತ್ತಿ ಮುಚ್ಚಿದೆ. ಅಜ್ಜಿ ಬೈಯುತ್ತಲೇ ಟ್ರ್ಯಾಕ್ಟರನ್ನು ಹಿಂದೆ ಹಾಕಿದಳು. ವೇಗದ ಮುಳ್ಳು ಎಂಬತ್ತರಲ್ಲಿತ್ತು. ಸದ್ದಿರಲಿಲ್ಲ. ಅಜ್ಜಿಗೆ ಅದು ಗಮನಕ್ಕೆ ಬರಲಿಲ್ಲ, ಕನ್ನಡಿಯಲ್ಲಿ ಟ್ರ್ಯಾಕ್ಟರಿನವನಿಗೆ ಕೈ ತೋರಿಸಿ ಬೈಯುತ್ತಿದ್ದಳು. ವಾಸನೆ ಹೋದ ಮೇಲೆ, "ಈಗ ತೆಗಿ, ಸೆಕೆ" ಎಂದಳು. ತೆಗೆದೆ. ಟಿಕ್ ಟಿಕ್ ಟಿಕ್.

"ನೋಡು, ಮತ್ತೆ ಶುರುವಾಯ್ತು" ಎಂದಳು.

ನನ್ನ ಕೈ ಇನ್ನೂ ಆ ಹಿಡಿಯ ಮೇಲೇ ಇತ್ತು. ಗಾಳಿ ಒಳಗೆ ನುಗ್ಗಿ ಸತ್ತ ಫ್ಯಾನನ್ನು ತಿರುಗಿಸುತ್ತಿದೆ. ಫ್ಯಾನಿನ ರೆಕ್ಕೆಗೆ ಏನೋ ತಾಗುತ್ತಿದೆ. ವೇಗ ಹೆಚ್ಚಾದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಾದಷ್ಟೂ ಟಿಕ್ ಟಿಕ್ ಹೆಚ್ಚು. ಕಾರು ಸ್ಟ್ಯಾಂಡಿನ ಮೇಲೆ ನಿಂತಾಗ ಗಾಳಿ ಎಲ್ಲಿಂದ ಬರಬೇಕು? ತಾಗುತ್ತಿರುವುದು ಯಾವುದು ಎಂದು ನನಗೊಬ್ಬಳಿಗೇ ಗೊತ್ತು.

ಆ ಸಂಜೆಯೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ರೆಂಬೆ ಹೊರಗೆ ಬರುತ್ತದೆ, ರೆಂಬೆ ಹೊರಗೆ ಬಂದರೆ ಅಜ್ಜಿಯ ತಲೆಯ ಮೇಲೆ ಬಿದ್ದ ಬೂದಿ ಬರಿಯ ಬೇರೆಯವರ ಬೂದಿಯಾಗುತ್ತದೆ. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅಜ್ಜಿ ಕಾರನ್ನು ಮತ್ತೆ ಗ್ಯಾರೇಜಿಗೆ ಬಿಟ್ಟಳು, ನಾನು ಹೋಗುವಷ್ಟರಲ್ಲಿ ವೆಲ್ಮೊರೆ ಮುಂದಿನ ಎರಡು ಚಕ್ರಗಳ ಬೇರಿಂಗ್ ಬಿಚ್ಚಿಟ್ಟುಕೊಂಡು ಕೂತಿದ್ದರು. ಬಿಚ್ಚಿಯೇ ಬಿಟ್ಟಿದ್ದಾರಲ್ಲ, ಜೋಡಿಸಿದ ಮೇಲೆ ಹೇಳೋಣ ಎಂದುಕೊಂಡೆ. ನಾನೇ ಗುಟ್ಟಾಗಿ ರೆಂಬೆ ತೆಗೆಯಬಹುದೆಂದು ಸೀಳಿನೊಳಗೆ ತಂತಿ ತೂರಿಸಿ ನೋಡಿದೆ. ಅದು ಕೈಗೆ ಸಿಗದಷ್ಟು ಆಳಕ್ಕೆ ಇಳಿದಿತ್ತು. ಹೀಗೆ ಇಪ್ಪತ್ತು ದಿನ ಕಳೆದವು. ಎಣಿಸಿದ್ದೇನೆ.

ಆ ಇಪ್ಪತ್ತು ದಿನಗಳಲ್ಲಿ ಅವರು ನನ್ನನ್ನು ಮತ್ತೊಮ್ಮೆ ಕೇಳಿದರು. ನಾನು ಮಧ್ಯಾಹ್ನ ಅಜ್ಜಿ ಕಳಿಸಿದ ಸೊಪ್ಪಿನ ಕಡುಬು ಕೊಡಲು ಹೋಗಿದ್ದೆ, ಚೀಸ್ ಹಾಕದೆ ಅವರಿಗೆಂದೇ ಮಾಡಿದ್ದು. ಅವರು ಬೆಂಚಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತ, "ನೀವೆಸ್, ನಿನ್ ಕಿವಿ ಎಳೇದು. ನಿಂಗೆ ಎಲ್ಲಿಂದ ಕೇಳತ್ತೆ? ನಿಜ ಹೇಳು" ಎಂದರು.

"ಹಿಂದಿನಿಂದ ಇರಬಹುದು" ಎಂದೆ.

ಅದು ನಾನು ಹೇಳಿದ ಸುಳ್ಳುಗಳಲ್ಲಿ ಅತಿ ಕೆಟ್ಟದ್ದು. ಅವರು ಕೈ ಒರೆಸುವುದನ್ನು ನಿಲ್ಲಿಸಿದರು. "ಹೌದಾ. ನಂಗೆ ಇನ್ನೂ ಮುಂದೇನೇ ಕೇಳ್ತಿದೆ" ಎಂದರು. ಆಮೇಲೆ ಕಡುಬು ಮುರಿದು ತಿಂದರು. ಚೆನ್ನಾಗಿದೆ ಎಂದು ಅಜ್ಜಿಗೆ ಹೇಳು ಎಂದರು.

ಮುಂದಿನ ಸೋಮವಾರ ಗ್ಯಾರೇಜಿನ ಬಾಗಿಲ ಮೇಲೆ ಚೀಟಿ ಬಂತು: ಸಂತ ಜೊವಾನ್ನಿಯ ಹಬ್ಬದಿಂದ ಗ್ಯಾರೇಜು ಮುಚ್ಚಿರುತ್ತದೆ, ದಯವಿಟ್ಟು ಕಾರುಗಳನ್ನು ತರಬೇಡಿ. ಜೂನ್ ಇಪ್ಪತ್ತನಾಲ್ಕರ ಆ ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಬಾರಿನಲ್ಲಿ ಗ್ವೆರ್ರೀನೊ ಇಸ್ಪೀಟಿನವರ ಎದುರು ಹೇಳಿದನಂತೆ: "ವೆಲ್ಮೊರೆ ಕಿವಿ ಸತ್ತೋಯ್ತು ಕಣ್ರಪ್ಪಾ. ಗೆಳೆಯನ ಕಾರನ್ನ ಚೀಸ್ ಥರ ಪೂರ್ತಿ ಕತ್ತರಿಸಿದ್ರೂ ಬಿರುಕು ಸಿಗ್ಲಿಲ್ಲ." ಎಲ್ಲರೂ ನಕ್ಕರಂತೆ. ವೆಲ್ಮೊರೆ ಅಲ್ಲೇ ಇದ್ದರಂತೆ. "ಹೌದಪ್ಪ, ಸತ್ತೋಯ್ತು. ಕಾಫಿ ಕೊಡು" ಎಂದರಂತೆ. ಗ್ವೆರ್ರೀನೊ ಆಮೇಲೆ ಕಾಫಿಯ ಜೊತೆ ಕೇಳದೆಯೇ ಬಿಸ್ಕತ್ತು ಇಟ್ಟನಂತೆ. ಇದನ್ನು ಹೇಳಿದ್ದು ಅಜ್ಜಿ. ಹೇಳುತ್ತ ಅವಳ ಕಣ್ಣು ತುಂಬಿತು. "ಅದೆಲ್ಮೊ ಇದ್ದಿದ್ರೆ ಮೇಜು ಎತ್ತಿ ಹಾಕಿರೋರು. ಅರವತ್ತು ವರ್ಷ ಆ ಕಿವಿ ನಂಬ್ಕೊಂಡು ಬದುಕಿದಾನೆ ವೆಲ್ಮೊರೆ. ನಮ್ ಕಾರಿಂದಲೇ ಹೀಗಾಗ್ಬೇಕಿತ್ತಾ?" ಎಂದಳು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಗ್ಯಾರೇಜಿಗೆ ಹೋದೆ. ನಮ್ಮ ಕಾರು ಅಲ್ಲೇ ಇತ್ತು. ವೆಲ್ಮೊರೆ ಸ್ಪ್ಯಾನರುಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ಮಾತು ಹೊರಡದು ಎಂದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಆದರೆ ಕೊಡಲಿಲ್ಲ. ಕೈ ಜೇಬಿನಲ್ಲೇ ಇತ್ತು.

"ಸಿನ್ಯೋರ್ ವೆಲ್ಮೊರೆ," ಎಂದೆ, "ನಿಮ್ ಕಿವಿ ಸರಿಯಾಗೇ ಇದೆ. ಅದು ಮುಂದಿನಿಂದಲೇ ಬರೋದು."

ಅವರು ತಲೆ ಎತ್ತಿದರು.

"ಅಜ್ಜನ ಆಲಿವ್ ರೆಂಬೆ. ಫ್ಯಾನಿಗೆ ತಾಗ್ತಿದೆ. ನಾನೇ ಸೀಳಿನೊಳಗೆ ಹಾಕಿದ್ದು. ಗಾಳಿ ಬಾಗಿಲು ಮುಚ್ಚಿದ್ರೆ ಸದ್ದು ನಿಲ್ಲತ್ತೆ. ನಂಗೆ ಇಪ್ಪತ್ತು ದಿನದಿಂದ ಗೊತ್ತು."

ಅವರು ಕಾರಿನ ಕೀಲಿ ತೆಗೆದುಕೊಂಡರು. ನನ್ನನ್ನು ಪಕ್ಕದಲ್ಲಿ ಕೂರಿಸಿ ಕಾಲುವೆ ರಸ್ತೆಗೆ ಹೋದರು. ಎಪ್ಪತ್ತರಲ್ಲಿ, "ಮುಚ್ಚು" ಎಂದರು. ಮುಚ್ಚಿದೆ. "ತೆಗಿ." ತೆಗೆದೆ. "ಮುಚ್ಚು." ಹೀಗೆ ಎಂಟು ಸಲ ಮಾಡಿಸಿದರು. ಸದ್ದು ನಿಂತಿತು, ಬಂತು, ನಿಂತಿತು, ಬಂತು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಕೈಗಳನ್ನು ನೋಡುತ್ತಿದ್ದೆ. ಸ್ಟೀರಿಂಗ್ ಮೇಲೆ ಬೆರಳುಗಳು ಬಿಗಿಯಾಗಿದ್ದವು.

ಗ್ಯಾರೇಜಿಗೆ ಬಂದು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ ಬಿಚ್ಚಿದರು. ಇಪ್ಪತ್ತು ನಿಮಿಷದ ಕೆಲಸ. ರೆಂಬೆ ಹೊರಗೆ ಬಂತು. ಎಲೆ ಎರಡೋ ಮೂರೋ ಉಳಿದಿದ್ದವು, ತುದಿ ರೆಕ್ಕೆಗೆ ಉಜ್ಜಿ ಉಜ್ಜಿ ಪೆನ್ಸಿಲ್‌ನಂತೆ ಚೂಪಾಗಿತ್ತು.

"ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

ಬೂದಿಯ ವಿಷಯ ಹೇಳಿದೆ. ಚರ್ಚಿನ ಮೆಟ್ಟಿಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಹಿಡಿಯಿತು, ನಡುವೆ ನಡುವೆ ನಿಂತೆ, ಅವರು ಕಾದರು.

"ಇಪ್ಪತ್ತು ದಿನ," ಎಂದರು ಅವರು. "ನಾನು ರೇಡಿಯೊ ಹಾಕ್ಲಿಲ್ಲ, ಗೊತ್ತಾ? ಹಾಕಿದ್ರೆ ಅದೂ ತಪ್ಪಾಗಿ ಕೇಳತ್ತೇನೋ ಅಂತ. ಬೆಳಿಗ್ಗೆ ಎದ್ದು ಹಕ್ಕಿ ಕೂಗಿದ್ರೆ ಯಾವ್ ಕಡೆಯಿಂದ ಅಂತ ಕಿಟಕಿ ತೆಗೆದು ನೋಡ್ತಿದ್ದೆ." ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು. "ನೀನು ಹಿಂದೆ ಅಂದೆ ನೋಡು, ಅವತ್ತು ರಾತ್ರಿನೇ ಆ ಚೀಟಿ ಬರೆದದ್ದು."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಎಣ್ಣೆ ಇಲ್ಲದ ಒಂದು ಬಟ್ಟೆ ಹುಡುಕಿ ಕೊಟ್ಟರು, ಅಷ್ಟೆ. ಆಮೇಲೆ ನೋಟ್‌ಬುಕ್ ತೆಗೆದು ನಮ್ಮ ಕಾರಿನ ಪುಟ ಬಿಡಿಸಿದರು. ಮೊದಲ ಅಂಕಣದಲ್ಲಿ ನನ್ನ ಟಿಕ್ ಟಿಕ್ ಟಿರ್ರ್ ಇತ್ತು. ಎರಡನೆಯದರಲ್ಲಿ 'ಮುಂದೆ, ಹೀಟರ್ ಫ್ಯಾನ್' ಎಂದು ಬರೆದರು. ಮೂರನೆಯದರಲ್ಲಿ ಏನೂ ಬರೆಯದೆ ಪೆನ್ಸಿಲ್ ಇಟ್ಟರು.

"ಕಾರಣ ಬರೆಯೋಕೆ ಆಗಲ್ಲ," ಎಂದರು. "ಈ ಪುಸ್ತಕ ಇಯೋಲೆ ನೋಡ್ತಾಳೆ, ಕೇಳ್ತಾಳೆ. ನಾನು ಸುಳ್ಳು ಬರೆಯಲ್ಲ. ನಿಜಾನ ನೀನು ಹೇಳೋಕ್ಕೆ ಮುಂಚೆ ನಾನು ಹೇಳಲ್ಲ. ಅದು ನನ್ ಮಾತಲ್ಲ."

"ಹಾಗಾದ್ರೆ ಬಾರಿನಲ್ಲಿ? ಸಿಕ್ತು ಅಂತಾದ್ರೂ ಹೇಳಿ."

"ಏನ್ ಸಿಕ್ತು ಅಂತ ಕೇಳ್ತಾರಲ್ಲ. ಗ್ವೆರ್ರೀನೊ ಬಿಡ್ತಾನಾ? ಒಂದ್ ಗಂಟೇಲಿ ಇಯೋಲೆ ಕಿವಿಗೆ ಬಿದ್ದಿರತ್ತೆ." ಸ್ಪ್ಯಾನರಿನ ಪೆಟ್ಟಿಗೆಯ ಕಡೆ ನೋಡಿದರು. "ನಂಗೆ ಗೊತ್ತಾಯ್ತು. ಸದ್ಯಕ್ಕೆ ನಂಗೆ ಅಷ್ಟು ಸಾಕು. ಊರಿನವರಿಗೆ ಕಿವುಡನಾಗೇ ಇರ್ತೀನಿ."

"ಚೀಟಿ?"

"ಚೀಟಿ ಇರ್ಲಿ. ಕಿವಿ ಸರಿಯಾಗಿಲ್ದೆ ಇರೋ ಮೆಕ್ಯಾನಿಕ್ ಹತ್ರ ಯಾರು ಕಾರ್ ತರ್ತಾರೆ? ತಂದ್ರೂ ಕನಿಕರಕ್ಕೆ ತರ್ತಾರೆ. ಅದು ಬೇಡ ನಂಗೆ."

ರೆಂಬೆಯನ್ನು ಬ್ರೆಡ್ಡಿನ ಕಾಗದದ ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಕಾರನ್ನು ಅಜ್ಜಿಗೆ ತಲುಪಿಸಿ, "ಸದ್ದು ಹೋಯ್ತು ಇಯೋಲೆ. ಹೇಗ್ ಹೋಯ್ತು ಅಂತ ಕೇಳ್ಬೇಡ" ಎಂದರು. ಅಜ್ಜಿ ಅವರು ಹೋದ ಮೇಲೆ ನಿಟ್ಟುಸಿರು ಬಿಟ್ಟಳು. "ಪಾಪ, ತಾನಾಗೇ ಹೋಗಿರ್ಬೇಕು. ಅವನಿಗೆ ಗೊತ್ತಾಗಿಲ್ಲ, ಹೇಳ್ಕೊಳ್ಳೋಕೆ ನಾಚಿಕೆ" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅದು ಮೊನ್ನೆ. ಇವತ್ತು ಶುಕ್ರವಾರ. ಚೀಲ ನನ್ನ ಹಾಸಿಗೆಯ ಕೆಳಗಿದೆ. ಹಬ್ಬಕ್ಕೆ ಐದು ದಿನ ಉಳಿದಿದೆ. ವೆಲ್ಮೊರೆಯವರು ಅರ್ಧದಷ್ಟು ಸ್ಪ್ಯಾನರು ಕಟ್ಟಿಟ್ಟಿದ್ದಾರೆ. ನನ್ನನ್ನು ಕಂಡರೆ ಮುಖ ತಿರುಗಿಸುವುದಿಲ್ಲ, ಕೇಳುವುದೂ ಇಲ್ಲ.

ಈ ಪುಟಗಳನ್ನು ಗ್ರಂಥಾಲಯಕ್ಕೆ ಕೊಟ್ಟು ಸುಮ್ಮನಾಗಬಹುದು ಎಂದು ಮೊದಲು ಯೋಚಿಸಿದ್ದೆ. ಪುಸ್ತಕ ಅಚ್ಚಾದಾಗ ಎಲ್ಲರೂ ಓದುತ್ತಾರೆ, ನಾನು ಬಾಯಿ ತೆರೆಯಬೇಕಾಗಿಲ್ಲ. ಆದರೆ ಪುಸ್ತಕ ಬರುವುದು ಕ್ರಿಸ್‌ಮಸ್‌ಗೆ. ಮತ್ತೆ ಅಜ್ಜಿ ಇದನ್ನು ಬೇರೆಯವರ ಜೊತೆ ಅಚ್ಚಿನಲ್ಲಿ ಓದುವುದು ಸರಿಯಲ್ಲ.

ನಾಳೆ ಬೆಳಿಗ್ಗೆ ಅಜ್ಜಿ ಕಾಫಿ ಕುಡಿದ ಮೇಲೆ ಚೀಲ ಅವಳ ಮುಂದೆ ಇಟ್ಟು, ನಾನು ಅದನ್ನು ಪೆಟ್ಟಿಗೆಗೆ ಹಾಕಿರಲಿಲ್ಲ ಎಂದು ಹೇಳುತ್ತೇನೆ. ಅವಳು ಎಷ್ಟು ಹೊತ್ತು ಬೈದರೂ ಅಲ್ಲೇ ನಿಂತಿರುತ್ತೇನೆ. ಹನ್ನೊಂದು ಗಂಟೆಗೆ, ಇಸ್ಪೀಟಿನವರು ಸೇರಿದ ಮೇಲೆ, ಬಾರಿಗೆ ಹೋಗಿ ಗ್ವೆರ್ರೀನೊನಿಗೆ ಎಲ್ಲರ ಎದುರು ಹೇಳುತ್ತೇನೆ.